ಬಾಯಿ ಮುಚ್ಚುವ ಗೋದಾ, ಬಾಯಿ ಮುಚ್ಚದ ಅಂಬಕ್ಕ

ರಾಸ್ತಾ ಪೇಟೆಯ ಆ ವಾಡೆಯಲ್ಲಿ ಹದಿನೆಂಟು ಬಿಡಾರಗಳಿದ್ದವು, ನಲ್ಲಿ ಒಂದೇ ಇತ್ತು, ಅಂಬಕ್ಕನೂ ಒಬ್ಬಳೇ ಇದ್ದಳು. ನಲ್ಲಿ ಇನ್ನೊಂದಿದ್ದರೆ ಜನ ಸಂತೋಷಪಡುತ್ತಿದ್ದರು. ಅಂಬಕ್ಕ ಇನ್ನೊಬ್ಬಳಿದ್ದರೆ ಬಿಡಾರ ಖಾಲಿ ಮಾಡುತ್ತಿದ್ದರು.

ಹೆಂಗಸು ಕೆಟ್ಟವಳಲ್ಲ. ಮಾತು ಹೆಚ್ಚು, ಅಷ್ಟೆ. ಧಾರವಾಡದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಮದುವೆಯಾಗಿ ಪುಣೆಗೆ ಬಂದವಳು, ಮೂರು ತಿಂಗಳಲ್ಲಿ ಮರಾಠಿ ಕಲಿತು ಆರನೇ ತಿಂಗಳಿಗೆ ಮರಾಠಿಯಲ್ಲೇ ಜಗಳ ಗೆದ್ದಿದ್ದಳು. ಗಂಡ ಮಾರ್ತಾಂಡರಾಯರು ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿದ್ದರು. ಮನೆಯಲ್ಲಿ ಅವರು ಹೇಳುತ್ತಿದ್ದದ್ದು ಎರಡೇ ಮಾತು, 'ಹೂಂ' ಮತ್ತು 'ಬಡಸು'. ಮಗಳು ಇಂದೂಳ ಮದುವೆ ಮಾಡಿ ಭೋರ್‌ಗೆ ಕಳಿಸಿದ ಮೇಲೆ ಅಂಬಕ್ಕನಿಗೆ ಮಾತಾಡಲು ಮನೆಯಲ್ಲಿ ಜನವೇ ಇಲ್ಲದಂತಾಯಿತು. ಮಾರ್ತಾಂಡರಾಯರ ಜೊತೆ ಮಾತಾಡುವುದೂ ಒಂದೇ, ಕಂಬದ ಜೊತೆ ಮಾತಾಡುವುದೂ ಒಂದೇ.

ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಅಂಬಕ್ಕನ ಬಾಯಿ ಅವಳಿಗೆ ನೌಕರಿಯನ್ನೇ ಕೊಡಿಸಿತು. ಪಕ್ಕದ ಬಿಡಾರದವಳ ಅತ್ತೆಯನ್ನು ನದಿಯಾಚೆಯ ಹುಚ್ಚರ ಆಸ್ಪತ್ರೆಗೆ ಸೇರಿಸಿದ್ದರು. ನೋಡಿ ಬರಲು ಜೊತೆಗೆ ಹೋದ ಅಂಬಕ್ಕ, ಅಲ್ಲೇ ಮೂಲೆಯಲ್ಲಿ ಕುಳಿತಿದ್ದ ಇನ್ಯಾರೋ ಮುದುಕಿಯ ಮುಂದೆ ಕೂತು ತನ್ನ ನಾದಿನಿಯ ಮದುವೆಯಲ್ಲಿ ಹೋಳಿಗೆ ಸಾಲದೆ ಹೋದ ಕಥೆ ಹೇಳತೊಡಗಿದಳು. ನಾಲ್ಕು ದಿನದಿಂದ ತುತ್ತು ಮುಟ್ಟದಿದ್ದ ಆ ಮುದುಕಿ, ಹೋಳಿಗೆ ಏನಾಯಿತು ಎಂದು ತಿಳಿಯುವ ಆಸೆಗೆ ಬಾಯಿ ತೆರೆದು ಕೇಳುತ್ತ ಕೇಳುತ್ತ ಎರಡು ಜೋಳದ ಭಕ್ಕರಿ ತಿಂದುಬಿಟ್ಟಳು. ಬಾಗಿಲಲ್ಲಿ ನಿಂತು ನೋಡಿದ ಮೇಟ್ರನ್ ಮರುವಾರವೇ ಅಂಬಕ್ಕನನ್ನು ಹೆಂಗಸರ ವಾರ್ಡಿನ ಆಯಾ ಮಾಡಿಕೊಂಡಳು. ಆ ನೌಕರಿಯನ್ನು ಅಂಬಕ್ಕ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದವರೆಗೂ ಮಾಡಿದಳು. ಅಷ್ಟು ವರ್ಷದಲ್ಲಿ ಅವಳು ಒಂದೇ ಒಂದು ದೊಡ್ಡ ತಪ್ಪು ಮಾಡಿದಳು. ಅದು ೧೯೩೪ರ ಶ್ರಾವಣದಲ್ಲಿ ನಡೆದದ್ದು.

ವಾರ್ಡಿನಲ್ಲಿ ನಲವತ್ತೆರಡು ಹೆಂಗಸರು. ಅವರಲ್ಲಿ ಗೋದಾ ಎಂಬವಳೂ ಒಬ್ಬಳು, ವಯಸ್ಸು ನಲವತ್ತೆರಡು, ಭವಾನಿ ಪೇಟೆಯ ಕನ್ನಡದ ವ್ಯಾಪಾರಸ್ಥರ ಮನೆಯವಳು. ಹತ್ತೊಂಬತ್ತನೇ ವಯಸ್ಸಿನ ಹೊತ್ತಿಗೆ ಅವಳಿಗೆ ಗೋಡೆಯೊಳಗಿಂದ ದನಿಗಳು ಕೇಳತೊಡಗಿದ್ದವಂತೆ. ಮದುವೆಯಾಗದೆ ಹುಚ್ಚು ಬಿಡದು ಎಂದು ಮನೆಯ ಹಿರಿಯರು ಅವಸರದಲ್ಲಿ ಮದುವೆ ಮಾಡಿದರು. ಹುಚ್ಚು ಬಿಡಲಿಲ್ಲ, ಗಂಡ ಬಿಟ್ಟ. ಆಮೇಲೆ ತಾಯತ, ದೇವರು, ದರ್ಗಾ, ಎಲ್ಲ ಆಯಿತು. ಒಂದು ವರ್ಷ ಯಾತ್ರೆಯ ಪಾಲಕಿಯ ಹಿಂದೆ ನಡೆದು ಹೋದವಳು ದಾರಿಯ ಸಾಸವಡದ ಸಂತೆಯಲ್ಲಿ ಚೀಲಗಳ ಹಿಂದೆ ಅಡಗಿ ಕುಳಿತಲ್ಲಿ ಸಿಕ್ಕಿದಳು. ಆಸ್ಪತ್ರೆಗೆ ಬಂದು ಹತ್ತು ವರ್ಷವಾಗಿತ್ತು. ಮಾತು ಅಪರೂಪ. ಕೆಲವು ದಿನ ಮೋರಿಯ ತೂತಿಗೆ ಕಿವಿಯಿಟ್ಟು ಗಂಟೆಗಟ್ಟಲೆ ಕೂರುತ್ತಿದ್ದಳು, ಕೆಲವು ದಿನ ತನ್ನ ಕೈಯನ್ನೇ ತಾನು ಗುರುತಿಸುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಗೋದಾ ಇನ್ನೊಂದು ಕೆಲಸ ಮಾಡುತ್ತಿದ್ದಳು. ದಿನಕ್ಕೆರಡು ಸಲ ಹಾಜರಿ ಎಣಿಸಲು ಬರುವವರ ಬೂಟುಗಳು ಪಡಸಾಲೆಯಲ್ಲಿ ಟಕಟಕ ಎನ್ನುವಾಗ, ಪಕ್ಕದಲ್ಲಿ ಯಾರಿರುತ್ತಾರೋ ಅವರನ್ನು ಗಬಕ್ಕನೆ ಹಿಡಿದು ಬಾಯಿ ಒತ್ತಿ ಮುಚ್ಚುತ್ತಿದ್ದಳು. ಹಳಬರು ಅದಕ್ಕೆ ಒಗ್ಗಿಹೋಗಿದ್ದರು. ಆಷಾಢದಲ್ಲಿ ಹೊಸದಾಗಿ ಬಂದ ನೀರಜಾ ಎಂಬ ಹುಡುಗಿಗೆ ಅದೆಲ್ಲ ಏನು ಗೊತ್ತು? ಕೊಸರಾಡಿದಳು, ಪರಚಿದಳು, ಮಂಚದ ಕಾಲಿಗೆ ಹಣೆ ಬಡಿದು ಬಿದ್ದಳು. ಗೋದಾ ಉಸಿರು ಕಟ್ಟಿಸಿ ಕೊಲ್ಲಲು ಹೋಗಿದ್ದಾಳೆ ಎಂದು ಮೇಟ್ರನ್ ವರದಿ ಬರೆದಳು.

ಡಾಕ್ಟರ್ ರಘುರಾಮ ಮಂಗಳೂರಿನ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಎಲ್ಲವನ್ನೂ ಕಾಗದದಲ್ಲಿ ಓದಿದ ಮೇಲೆಯೇ ನಂಬುವ ಜಾತಿ. ವರದಿ ಓದಿದರು, ನಂಬಿದರು. "ಇನ್ನೊಂದು ಸಲ ಹೀಗೆ ಮಾಡಿದರೆ ಬೀಗದ ಕೋಣೆಗೆ" ಎಂದರು.

ಬೀಗದ ಕೋಣೆ ಹಿತ್ತಿಲ ಸಾಲಿನಲ್ಲಿತ್ತು. ಒಂದು ಕಿಟಕಿ, ಅದೂ ತಲೆಗಿಂತ ಮೇಲೆ. ಅಲ್ಲಿಗೆ ಹೋದವರು ಬೇಗ ಹೊರಗೆ ಬಂದದ್ದನ್ನು ಅಂಬಕ್ಕ ನೋಡಿರಲಿಲ್ಲ. ಗೋದಾಳಂಥವಳನ್ನು ಒಬ್ಬಳೇ ಕತ್ತಲೆಯಲ್ಲಿ ಹಾಕಿ ಬೀಗ ಜಡಿದರೆ ಉಳಿದಿರುವ ನಾಲ್ಕು ಮಾತೂ ಹೋಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಆ ದಿನ ನಲ್ಲಿಯ ಹತ್ತಿರ ಅವಳು ಯಾರ ಜೊತೆಯೂ ಜಗಳವಾಡಲಿಲ್ಲ, ವಾಡೆಯವರು ಗಾಬರಿಯಾದರು.

ಎರಡು ದಿನ ಕಳೆದ ಮೇಲೆ ಸಂಜೆ ಅಂಬಕ್ಕ ಗೋದಾಳ ತಲೆ ಬಾಚುತ್ತಿದ್ದಳು. ಬಾಚುವಾಗ ಬಾಯಿ ಸುಮ್ಮನಿರುತ್ತದೆಯೇ? ಮಾರ್ತಾಂಡರಾಯರು ಮಳೆಯಲ್ಲಿ ಕೊಡೆಯನ್ನು ಬಗಲಲ್ಲಿಟ್ಟುಕೊಂಡೇ ನೆನೆದು ಬಂದ ಕಥೆ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಪಡಸಾಲೆಯಲ್ಲಿ ಬೂಟಿನ ಸಪ್ಪಳ. ಗೋದಾ ತಿರುಗಿದ್ದೇ ತಡ, ಅಂಬಕ್ಕನ ಬಾಯಿ ಬಂದ್!

ಸತ್ತೆ ಅಂದುಕೊಂಡಳು ಅಂಬಕ್ಕ. ಮದುವೆಯಾದಾಗಿನಿಂದ ಅತ್ತೆ, ಮಾವ, ಗಂಡ ಯಾರಿಂದಲೂ ಆಗದ ಕೆಲಸ ಅದು. ಕಣ್ಣು ಮುಚ್ಚಿ ದೇವರನ್ನು ನೆನೆದಳು. ಒಂದು ದೇವರಾಯಿತು, ಎರಡಾಯಿತು, ಮೂರನೆಯ ದೇವರ ಹೊತ್ತಿಗೆ ತಾನಿನ್ನೂ ಆರಾಮಾಗಿ ಉಸಿರಾಡುತ್ತಿದ್ದೇನೆ ಎಂಬುದು ಹೊಳೆಯಿತು. ಗೋದಾಳ ಹೆಬ್ಬೆರಳು ಮೂಗಿನ ಕೆಳಗೆ ಅಳತೆ ಮಾಡಿ ಇಟ್ಟಂತೆ ಕೂತಿತ್ತು. ಮೂಗು ಪೂರ್ತಿ ಬಿಟ್ಟಿದ್ದಳು. ಇನ್ನೊಂದು ಕೈ ಅಂಬಕ್ಕನ ಬೆನ್ನ ಮೇಲೆ ಮೆಲ್ಲಗೆ ತಟ್ಟುತ್ತಿತ್ತು, ಎಳೆಗೂಸನ್ನು ಮಲಗಿಸುವಾಗ ತಟ್ಟುತ್ತಾರಲ್ಲ, ಹಾಗೆ. ಬೂಟುಗಳು ದೂರವಾದವು. ಕೈ ತಾನಾಗಿ ಇಳಿಯಿತು. ಗೋದಾ ಮತ್ತೆ ತಲೆ ಒಡ್ಡಿ ಕುಳಿತಳು.

ಅಂಬಕ್ಕ ಬಾಚಣಿಗೆ ಹಿಡಿದುಕೊಂಡೇ ಡಾಕ್ಟರ ಕೋಣೆಗೆ ನುಗ್ಗಿದಳು.

"ಸಾಹೇಬ್ರ, ಗೋದಾ ಯಾರನ್ನೂ ಕೊಲ್ಲಾಕ ಹೊಂಟಿಲ್ರೀ! ಆಕಿ ನಮ್ಮನ್ನ ಕಾಯ್ಲಿಕ್ಕೆ ಹತ್ಯಾಳ!"

"ಎಂತ ಕಾಯುವುದು ಅಂಬಾಬಾಯಿ? ಬಾಯಿ ಮುಚ್ಚಿ ಕಾಯುವುದು ಉಂಟಾ?"

"ಮೂಗು ಬಿಡ್ತಾಳ್ರೀ. ಮೂಗು!"

"ನೀವು ನೋಡಿದ್ದಾ?"

"ನನ್ನ ಮೂಗು ನನಗ ಗೊತ್ತಾಗೂದಿಲ್ಲೇನ್ರಿ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಮೂಗಿನ ವಿಷಯ ಅವರ ಯಾವ ಪುಸ್ತಕದಲ್ಲೂ ಇದ್ದಂತಿರಲಿಲ್ಲ. "ಶನಿವಾರ ತಪಾಸಣೆಗೆ ದೊಡ್ಡ ಸಾಹೇಬರ ಮಂಡಳಿ ಬರುತ್ತದೆ. ಅವರ ಎದುರು ಇವಳು ಯಾರ ಮೇಲಾದರೂ ಕೈ ಹಾಕಿದರೆ ಮತ್ತೆ ನನ್ನ ಕೈಯಲ್ಲಿ ಏನೂ ಇಲ್ಲ ಮಾರಾಯ್ರೆ. ನೀವು ಜಾಗ್ರತೆ ಮಾಡಿ" ಎಂದರು.

ವರ್ಷಕ್ಕೆರಡು ಸಲ ಬರುವ ಆ ಮಂಡಳಿಯಲ್ಲಿ ಆರು ಜನ. ಆರು ಜನ ಅಂದರೆ ಹನ್ನೆರಡು ಬೂಟು. ಜೊತೆಗೆ ಹವಾಲ್ದಾರರು, ಗುಮಾಸ್ತರು. ಗೋದಾ ಕೈ ಹಾಕದೆ ಇರುವುದುಂಟೇ? ಹಾಗಾದರೆ ಗೋದಾಳೇ ಅಲ್ಲಿರಬಾರದು. ಅಂಬಕ್ಕನಿಗೆ ಯೋಚನೆ ಬರುವುದೂ ಜಾರಿಗೆ ತರುವುದೂ ಒಟ್ಟಿಗೇ.

ಶನಿವಾರ ಬೆಳಿಗ್ಗೆ ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ಗೋದಾಳನ್ನು ಕರೆದುಕೊಂಡು ಹೋದಳು. ಜೋಳದ ಚೀಲಗಳನ್ನು ಗೋಡೆಯಿಂದ ಒಂದು ಮೊಳ ಸರಿಸಿದರೆ ಹಿಂದೆ ತಣ್ಣಗಿನ ಜಾಗ. ನೆಲಕ್ಕೆ ಗೋಣಿ ಹಾಸಿದಳು, ಕುಡಿಯಲು ತಂಬಿಗೆ ಇಟ್ಟಳು.

"ಇಲ್ಲಿ ಕೂಡು ಗೋದವ್ವಾ. ಸಪ್ಪಳ ಮಾಡಬ್ಯಾಡ. ಅವರು ಹೋದ ಮ್ಯಾಲೆ ನಾನಽ ಬಂದು ಕರೀತೀನಿ. ನಾ ಕರಿಯೂತನಕಾ ಹೊರಗ ಬರಬ್ಯಾಡ."

ಗೋದಾ ಅಂಬಕ್ಕನ ಮುಖವನ್ನು ಒಂದು ಗಳಿಗೆ ನೋಡಿದಳು, ಚೀಲದ ಹಿಂದೆ ಸರಿದು ಮಂಡಿ ಅಪ್ಪಿಕೊಂಡು ಕುಳಿತಳು, ಸೆರಗನ್ನು ಮುದ್ದೆ ಮಾಡಿ ತನ್ನ ಬಾಯಿಗೆ ತಾನೇ ತುರುಕಿಕೊಂಡಳು. ಎಷ್ಟು ಶಾಣ್ಯಾಕಿ ನೋಡು, ಒಂದು ಸಲ ಹೇಳಿದರೆ ಸಾಕು ಎಂದು ಅಂಬಕ್ಕ ಮೆಚ್ಚಿಕೊಂಡಳು. ಬಾಗಿಲು ಎಳೆದುಕೊಂಡು ಹೊರಟಳು.

ಮಂಡಳಿಯ ತಪಾಸಣೆ ಅರ್ಧ ತಾಸಿನಲ್ಲಿ ಮುಗಿಯಬೇಕಿತ್ತು. ಆದರೆ ಆ ಸಲ ಬಂದ ದೊಡ್ಡ ಮೇಡಂಗೆ ಭಕ್ಕರಿಯ ಮೇಲೆ ಪ್ರೀತಿ ಹುಟ್ಟಿತು. ಹಿಟ್ಟು ಎಲ್ಲಿಂದ, ತೂಕ ಎಷ್ಟು, ತಟ್ಟುವವರು ಯಾರು ಎಂದು ಕೇಳಿದ್ದೇ ಕೇಳಿದ್ದು. ಆಮೇಲೆ ಚಹಾ. ಆಮೇಲೆ ಹಾಜರಿ. ಮೇಟ್ರನ್ ಎಣಿಸಿದಳು, ನಲವತ್ತೊಂದು. ಇನ್ನೊಮ್ಮೆ ಎಣಿಸಿದಳು, ಅಷ್ಟೇ.

"ಒಬ್ಬಾಕಿಗೆ ಹೊಟ್ಟಿ ಕೆಟ್ಟದ್ರಿ, ಮೋರಿ ಕಡೆ ಹೋಗ್ಯಾಳ" ಎಂದಳು ಅಂಬಕ್ಕ. ಮಂಡಳಿಯವರು ಮೋರಿಯ ಕಡೆ ಹೋಗಿ ಪರೀಕ್ಷಿಸುವ ಉತ್ಸಾಹ ತೋರಲಿಲ್ಲ. ಆದರೂ ಅವರ ಮೋಟಾರು ಗೇಟು ದಾಟುವ ಹೊತ್ತಿಗೆ ಮೂರು ತಾಸು ಆಗಿಹೋಗಿತ್ತು.

ಗೇಟಿನ ಹತ್ತಿರ ತಗಡಿನ ಡಬ್ಬಿ ಹಿಡಿದು ಶಿವರುದ್ರಪ್ಪ ನಿಂತಿದ್ದರು. ಗೋದಾಳ ಅಣ್ಣ, ಭವಾನಿ ಪೇಟೆಯಲ್ಲಿ ಬೆಲ್ಲದ ವ್ಯಾಪಾರ. ಹಿಂದಿನ ದಿನ ನಾಗರ ಪಂಚಮಿ. ಪಂಚಮಿ ಎಂದರೆ ನಮ್ಮ ಕಡೆ ಅಣ್ಣಂದಿರು ತಂಗಿಯರನ್ನು ತವರಿಗೆ ಕರೆತರುವ ಹಬ್ಬ. ಜೋಕಾಲಿ ಕಟ್ಟಿ, ಉಂಡಿ ತಿನ್ನಿಸಿ, ಸೀರೆ ಉಡಿಸಿ ಕಳಿಸುವ ಹಬ್ಬ. ಈ ಮನುಷ್ಯ ಕರೆಯಲು ಬರುತ್ತಿರಲಿಲ್ಲ. ಪ್ರತಿ ಪಂಚಮಿಯ ಮರುದಿನ ಉಂಡಿಯ ಡಬ್ಬಿ ತಂದು ಆಯಾಳ ಕೈಗೆ ಕೊಟ್ಟು, ತಂಗಿಯ ಮುಖವನ್ನೂ ನೋಡದೆ ಹೊರಟುಬಿಡುತ್ತಿದ್ದರು. ಇಂಥ ಅಣ್ಣನನ್ನು ಕಂಡರೆ ಅಂಬಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಇವತ್ತು ಬಿಡಬಾರದು ಎಂದು ನಿರ್ಧರಿಸಿದಳು.

"ಡಬ್ಬಿ ನೀವಽ ಒಳಗ ಬಂದು ಕೊಡ್ರಿ ಯಜಮಾನ್ರ. ನಿಮ್ಮ ತಂಗಿ ಇವತ್ತ ಬೀಗದ ಕೋಣಿ ತಪ್ಪಿಸಿಕೊಂಡಾಳ. ಯಾರ ಪುಣ್ಯೇದಿಂದ? ಈ ಅಂಬಕ್ಕನ ಪುಣ್ಯೇದಿಂದ! ಜ್ವಾಳದ ಚೀಲದ ಹಿಂದ ಮುಚ್ಚಿಟ್ಟೀನಿ, ದೊಡ್ಡ ಸಾಹೇಬ್ರಿಗೂ ಸಿಗಲಿಲ್ಲ."

ಶಿವರುದ್ರಪ್ಪನ ಮುಖದ ರಕ್ತ ಇಳಿದುಹೋಯಿತು.

"ಅಕ್ಕಾರ, ಏನಂತ ಹೇಳಿ ಕೂಡ್ಸೀರಿ?"

"ಏನಂತ ಅಂದ್ರ? ಸಪ್ಪಳ ಮಾಡಬ್ಯಾಡ, ಅವರು ಹೋದ ಮ್ಯಾಲೆ ಬಂದು ಕರೀತೀನಿ ಅಂದೆ."

ನಲವತ್ತೇಳು ವರ್ಷದ ಆ ದಪ್ಪ ಮನುಷ್ಯ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಸಿದು ಕುಳಿತರು. ಅಂಬಕ್ಕ ಕೇಳಲಿಲ್ಲ, ಅವರೇ ಹೇಳಿದರು.

ದೊಡ್ಡ ಪ್ಲೇಗಿನ ವರ್ಷ. ಗೋದಾಳಿಗೆ ಐದು, ಅವರಿಗೆ ಹತ್ತು. ಅಪ್ಪ ಹಿಂದಿನ ದಿನ ತೀರಿಕೊಂಡಿದ್ದರು. ಪೇಟೆಯಲ್ಲಿ ಬ್ರಿಟಿಷರ ಗೋರಾ ಸಿಪಾಯಿಗಳು ಮನೆಮನೆ ಹೊಕ್ಕು ರೋಗಿಗಳನ್ನು ಒಂದು ಕಡೆ, ಮನೆಮಂದಿಯನ್ನು ಇನ್ನೊಂದು ಕಡೆ ಒಯ್ಯುತ್ತಿದ್ದರು. ಗೋದಾಳಿಗೆ ಮೈ ಬಿಸಿಯಿತ್ತು, ಬರೀ ನೆಗಡಿಯ ಜ್ವರ. ಆದರೆ ನೆಗಡಿಯೆಂದು ಸಿಪಾಯಿಗೆ ಹೇಳುವವರಾರು? ಬೀದಿಯಲ್ಲಿ ಬೂಟು ಕೇಳಿದ ಕೂಡಲೇ ಅವ್ವ ಹುಡುಗಿಯ ಬಾಯಿಯನ್ನು ಕೈಯಿಂದ ಮುಚ್ಚಿ ಎತ್ತಿಕೊಂಡು ಹೋಗಿ ಜೋಳದ ಕಣಜದೊಳಗೆ ಇಳಿಸಿದಳು. ಸಪ್ಪಳ ಮಾಡಬೇಡ, ಅವರು ಹೋದ ಮೇಲೆ ನಾನೇ ಬಂದು ಕರೆಯುತ್ತೇನೆ ಎಂದಳು. ಮಗನಿಗೆ, ಯಾರು ಕೇಳಿದರೂ ತಂಗಿಯ ಸುದ್ದಿ ಬಾಯಿ ಬಿಡಬೇಡ ಎಂದಳು. ಸಿಪಾಯಿಗಳು ಅವ್ವನನ್ನೂ ಮಗನನ್ನೂ ಊರಾಚೆಯ ಕ್ಯಾಂಪಿಗೆ ಒಯ್ದರು.

"ಮೂರನೇ ದಿನಾ ಸುಣ್ಣ ಬಳಿಯವರು ಮನಿ ಹೊಕ್ಕಾಗ ಆಕಿ ಸಿಕ್ಳಂತ. ಕಣಜದಾಗ ಹಂಗಽ ಕುಂತಿದ್ಳಂತ ಅಕ್ಕಾರ. ಅತ್ತಿದ್ದಿಲ್ಲಂತ."

ಅಂಬಕ್ಕ ಪೂರ್ತಿ ಕೇಳಲಿಲ್ಲ. ಸೀರೆ ಎತ್ತಿಕಟ್ಟಿ ಉಗ್ರಾಣದ ಕಡೆ ಓಡಿದಳು. ಕಾಯಲು ಹೋಗಿ ತಾನು ಮಾಡಿದ್ದೇನು ಎಂಬುದು ಹೆಜ್ಜೆ ಹೆಜ್ಜೆಗೂ ಎದೆಗೆ ಗುದ್ದುತ್ತಿತ್ತು. ಅಡುಗೆಮನೆಯ ಹತ್ತಿರ ಎದುರಾದ ಡಾಕ್ಟರಿಗೆ "ಗೋದಾನ್ನ ನಾನಽ ಮುಚ್ಚಿಟ್ಟೀನ್ರಿ, ನನ್ನ ಬುದ್ಧಿಗೆ ಬೆಂಕಿ ಹಾಕ್ರಿ!" ಎಂದು ಕೂಗಿ ಮುಂದೆ ಹೋದಳು. ಡಾಕ್ಟರಿಗೆ ಒಂದೂ ಅರ್ಥವಾಗಲಿಲ್ಲ, ಆದರೂ ಹಿಂದೆ ನಡೆದರು.

ಗೋದಾ ಇಟ್ಟಲ್ಲೇ ಇದ್ದಳು. ತಂಬಿಗೆಯ ನೀರು ಹಾಗೇ ಇತ್ತು. ಗೋಣಿ ಒದ್ದೆಯಾಗಿತ್ತು. ಸೆರಗು ಬಾಯಲ್ಲೇ ಇತ್ತು, ಕಣ್ಣು ಬಾಗಿಲ ಮೇಲಿತ್ತು. ಆದರೆ ಬಾಗಿಲು ತೆರೆದದ್ದು ಆ ಕಣ್ಣಿಗೆ ಕಂಡಂತಿರಲಿಲ್ಲ.

"ಗೋದವ್ವಾ, ಹೋದ್ರು. ಬಾ, ಹೊರಗ ಬಾ."

ಅಲುಗಲಿಲ್ಲ. ಅಂಬಕ್ಕ ಇನ್ನೊಮ್ಮೆ ಕರೆದಳು, ಮತ್ತೊಮ್ಮೆ ಕರೆದಳು. ಹಿಂದಿನಿಂದ ಬಂದ ಶಿವರುದ್ರಪ್ಪ ಒಂದು ಚೀಲ ಎಳೆದು, ಆ ಇಕ್ಕಟ್ಟಿನಲ್ಲಿ ತಮ್ಮ ಮೈಯನ್ನೆಲ್ಲ ತೂರಿಸಿ ತಂಗಿಯ ಪಕ್ಕ ಕುಳಿತರು. ಅದೇ ಹೊತ್ತಿಗೆ ಹೊರಗಿನ ಕಲ್ಲುಹಾಸಿನ ಮೇಲೆ ಡಾಕ್ಟರ ಬೂಟು ಟಕಟಕ ಎಂದಿತು.

ಗೋದಾ ಬಾಯಿಂದ ಸೆರಗು ಕಿತ್ತೆಸೆದು ಅಣ್ಣನ ಬಾಯಿ ಮುಚ್ಚಿದಳು. ಅವರ ಕಿವಿಯ ಹತ್ತಿರ ಬಾಗಿ ಉಸಿರಿನಲ್ಲೇ ಹೇಳಿದಳು:

"ಸಪ್ಪಳ ಮಾಡಬ್ಯಾಡೋ ಅಣ್ಣಾ. ನಿನ್ನೂ ಒಯ್ತಾರ."

ಬಾಗಿಲಲ್ಲಿ ನಿಂತ ಡಾಕ್ಟರಿಗೆ ಅಂಬಕ್ಕ ಕೈಸನ್ನೆ ಮಾಡಿದಳು. ಮೂಗು ನೋಡ್ರಿ. ಡಾಕ್ಟರು ಬಗ್ಗಿ ನೋಡಿದರು. ಹೆಬ್ಬೆರಳು ಮೂಗಿನ ಕೆಳಗೆ ಕೂದಲೆಳೆಯಷ್ಟು ಜಾಗ ಬಿಟ್ಟು ಕೂತಿತ್ತು, ಇನ್ನೊಂದು ಕೈ ಆ ದಪ್ಪ ಬೆನ್ನನ್ನು ಮೆಲ್ಲಗೆ ತಟ್ಟುತ್ತಿತ್ತು. ಅದನ್ನು ನೋಡಿದ ಮೇಲೆ ಅವರು ನಿಧಾನವಾಗಿ ಹೊಸ್ತಿಲ ಮೇಲೆ ಕುಳಿತು ಬೂಟಿನ ಲಾಡಿ ಬಿಚ್ಚಿದರು. ಬೂಟು ಎರಡನ್ನೂ ಸಪ್ಪಳವಾಗದಂತೆ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತರು.

ಸಪ್ಪಳ ನಿಂತಿತು. ಗೋದಾಳ ಕೈ ಇಳಿಯಿತು. ಅಣ್ಣನ ಕಣ್ಣೀರು ಆ ಕೈಯ ಮೇಲೆಲ್ಲ ಹರಿದಿತ್ತು.

"ಬಾರವ್ವಾ, ನಾನಽ ಕರೀತೀನಂದಿದ್ದೆ, ಬಂದೀನಿ ನೋಡು" ಎಂದಳು ಅಂಬಕ್ಕ.

"ನೀ ಅಲ್ಲ" ಎಂದಳು ಗೋದಾ. "ಅವ್ವ ಕರೀತೀನಂದಾಳ."

ಶಿವರುದ್ರಪ್ಪ ಎರಡು ಸಲ ಬಾಯಿ ತೆರೆದು ಮುಚ್ಚಿದರು. ಮೂರನೆಯ ಸಲ ದನಿ ಬಂತು.

"ಅವ್ವ ಕರದ್ಳ, ಗೋದಾ."

ಗೋದಾ ಅವರ ಕಡೆ ತಿರುಗಿದಳು.

"ಕ್ಯಾಂಪಿನಾಗ ಆಕಿಗೂ ಜ್ವರಾ ಬಂತು. ನಾಲ್ಕ ದಿನ ಇದ್ಳು. ಮೈಮ್ಯಾಲೆ ಖಬರಿದ್ದಿಲ್ಲ, ಆದ್ರ ನಿನ್ನ ಹೆಸರಽ ಕರೀತಿದ್ಳು. ಕಡೀತನಕಾ ಕರದ್ಳು. ಏನೋ ಬಡಬಡಸ್ತಾಳ ಅಂತ ಎಲ್ಲಾರೂ ಅಂದ್ರು. ನನಗ ಗೊತ್ತಿತ್ತು. ಅವ್ವ ಹೇಳಬ್ಯಾಡ ಅಂದಿದ್ಳಂತ ನಾ ಬಾಯಿ ಬಿಡಲಿಲ್ಲ. ನಾ ಹೇಳಿದ್ರ ಅವತ್ತಽ ನಿನ್ನ ಹೊರಗ ತಗೀತಿದ್ರೇನೋ. ಆಮ್ಯಾಲೆ ಯಾವ ಮಾರಿ ಇಟಗೊಂಡು ನಿನಗ ಇದನ್ನ ಹೇಳ್ಲಿ?"

"ಕರದ್ಳಾ?"

"ಕರದ್ಳು."

"ಏನಂತ?"

"'ಗೋದಾ, ಹೋದ್ರು, ಹೊರಗ ಬಾರ ನನ ಕೂಸಽ' ಅಂತ."

ಗೋದಾ ತುಸು ಹೊತ್ತು ತಲೆ ಓರೆ ಮಾಡಿ ಕುಳಿತಳು, ಮೋರಿಗೆ ಕಿವಿಯಿಟ್ಟು ಕೂರುವಾಗಿನ ಹಾಗೆ. ಆಮೇಲೆ ಎರಡೂ ಕೈ ನೆಲಕ್ಕೆ ಊರಿ, ಚೀಲಗಳ ನಡುವಿನಿಂದ ಅಂಬೆಗಾಲಿನಲ್ಲಿ ಹೊರಗೆ ಬಂದಳು. ಬಾಗಿಲಿನಿಂದ ಬಂದ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಂಬಕ್ಕನ ಸೆರಗು ಹಿಡಿದು ಎದ್ದು ನಿಂತಳು.

ಡಾಕ್ಟರು ಅಂಬಕ್ಕನ ಕಿವಿಯಲ್ಲಿ, "ಬೀಗದ ಕೋಣೆ ಬೇಡ. ಎಂದಿಗೂ ಬೇಡ" ಎಂದರು.

ಗೋದಾ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಅಂಗಳದ ಆ ಕೊನೆಯಿಂದ ಈ ಕೊನೆಗೆ ಒಮ್ಮೆ ಇಣುಕಿ ನೋಡಿ ಕೇಳಿದಳು:

"ಎಲ್ಲಾರೂ ಹೋದ್ರನ?"

ಅಂಬಕ್ಕ ಉತ್ತರ ಕೊಡುವ ಮೊದಲು ಡಾಕ್ಟರ ಮುಖ ನೋಡಿದಳು. ಡಾಕ್ಟರ್ ರಘುರಾಮ ತಮ್ಮ ಬೂಟುಗಳನ್ನು ಎದೆಗೆ ಅವುಚಿಕೊಂಡು, ಬರಿಗಾಲಲ್ಲಿ ತುದಿಬೆರಳ ಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು, ಬಾವಿಕಟ್ಟೆಯ ಹಿಂದೆ ಹೋಗಿ ತಲೆ ಕಾಣದಂತೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು.

"ಹೋದ್ರವ್ವಾ. ಎಲ್ಲಾರೂ ಹೋದ್ರು" ಎಂದಳು ಅಂಬಕ್ಕ.